ವಿಡಿಯೊ ಗೇಮ್ ಆಡಿಸಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕ್ಲಿನಿಕಲ್ ರೀಸನಿಂಗ್ ಕಲಿಸಬಹುದಾ?

ನಿಮ್ಮ ಕಾಲೇಜಿನಲ್ಲಿ ಗೇಮ್ ಸಾಫ್ಟ್‌ವೇರ್ ತರಿಸುವ ಮಾತು ನಡೆದಿದೆ. ಇದರಿಂದ ಮಕ್ಕಳು ಕ್ಲಿನಿಕಲ್ ರೀಸನಿಂಗ್, ಅಂದರೆ ರೋಗಿಯನ್ನು ನೋಡಿ ಯೋಚಿಸಿ ನಿರ್ಧರಿಸುವುದು, ಕಲೀತಾರಾ, ಇಲ್ಲಾ ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸುವ ಷೋಕಿನಾ ಅಂತ ಕೇಳಿದ್ದೀರಿ.

ನಾನು ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಪಾಠ ಮಾಡುವವಳು. ಖಂಡಿತ ಕಲೀತಾರೆ. ಆದರೆ ಗೇಮನ್ನು ಅಲ್ಲಲ್ಲಿ ನಿಲ್ಲಿಸಿ, "ಇದನ್ನೇ ಯಾಕೆ ಒತ್ತಿದೆ?" ಅಂತ ಕೇಳಲು ಒಬ್ಬ ಟ್ಯೂಟರ್ ಪಕ್ಕದಲ್ಲಿ ಇರಬೇಕು. ಲಾಗಿನ್ ಕೊಟ್ಟು ಆಡಿಕೊಳ್ಳಿ ಅಂತ ಬಿಟ್ಟರೆ ದುಡ್ಡು ದಂಡ.

ಮೊದಲು ಈಗಿನ ಸ್ಥಿತಿ ನೋಡಿ. ಪೋಸ್ಟಿಂಗ್‌ನಲ್ಲಿ, ಅಂದರೆ ವಾರ್ಡಿನಲ್ಲಿ ಕಲಿಯುವ ದಿನಗಳಲ್ಲಿ, ಮಕ್ಕಳು ಬರೆಯುವ ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಎಲ್ಲಿಂದ ಬರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸೀನಿಯರ್ ಫೈಲ್‌ನಿಂದ. ಚಾರ್ಟ್ ತೆಗೆದರೆ ವಾರ್ಡಿನ ಅಷ್ಟೂ ರೋಗಿಗಳ ಉಸಿರಾಟ ನಿಮಿಷಕ್ಕೆ 20. ಏದುಸಿರು ಬಿಡುತ್ತಿರುವವರಿಗೂ 20, ಗೊರಕೆ ಹೊಡೆಯುತ್ತಿರುವವರಿಗೂ 20. ಎಣಿಸಿದವರು ಯಾರೂ ಇಲ್ಲ. ಬರೆಯುವುದರಲ್ಲಿ ಹುಡುಗಿಯರು ಎತ್ತಿದ ಕೈ. ಆದರೆ "ಈಗ ಈ ಅಜ್ಜನಿಗೆ ಮೊದಲು ಏನು ಮಾಡ್ತೀಯಾ?" ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ತಪ್ಪು ಅವರದಲ್ಲ. ವಾರ್ಡಿನಲ್ಲಿ ನಿರ್ಧಾರ ಅವರ ಕೈಯಲ್ಲಿ ಇರುವುದೇ ಇಲ್ಲ, ಇರಲೂಬಾರದು. ಜೀವದ ಪ್ರಶ್ನೆ ಅಲ್ವಾ. ನಿರ್ಧಾರ ತೆಗೆದುಕೊಂಡು, ಅದರ ಫಲ ನೋಡುವ ಅವಕಾಶ ಅವರಿಗೆ ಸಿಗುವುದು ಗೇಮ್‌ನಲ್ಲೇ.

ನಾವು ಬಳಸುವ ಒಂದು ಕೇಸ್ ಹೇಳ್ತೀನಿ. ರೋಗಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ನಲವತ್ತು ವರ್ಷ ಬೀಡಿ ಸೇದಿದ ಮನುಷ್ಯ. ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 84, ಉಸಿರಾಟ ನಿಮಿಷಕ್ಕೆ 30. ಮುಂದೆ ಬಾಗಿ, ಮೊಣಕಾಲಿನ ಮೇಲೆ ಕೈ ಊರಿ ಕೂತಿದ್ದಾರೆ. ಪರದೆಯಲ್ಲಿ ಆಯ್ಕೆಗಳು ಬರುತ್ತವೆ. 84 ಅಂತ ಕಂಡ ಕೂಡಲೇ ಮುಕ್ಕಾಲು ಕ್ಲಾಸ್ ಒತ್ತುವುದು ಒಂದನ್ನೇ: ಮಾಸ್ಕ್ ಹಾಕಿ 10 ಲೀಟರ್ ಆಕ್ಸಿಜನ್. ಸ್ಯಾಚುರೇಷನ್ ಸರಸರ ಏರಿ 98 ಆಗುತ್ತೆ. ಎಲ್ಲರಿಗೂ ಖುಷಿ. ಆಟದೊಳಗಿನ ಗಡಿಯಾರ ಮುಂದೆ ಓಡುತ್ತೆ. ಉಸಿರಾಟ 14ಕ್ಕೆ ಇಳಿಯುತ್ತೆ, ರೋಗಿ ತೂಕಡಿಸುತ್ತಾರೆ. "ಮ್ಯಾಮ್, ಸೆಟ್ಲ್ ಆದ್ರು, ನಿದ್ದೆ ಮಾಡ್ತಿದ್ದಾರೆ" ಅನ್ನುತ್ತಾರೆ ಮಕ್ಕಳು.

ನಾನು ಗೇಮ್ ನಿಲ್ಲಿಸುವುದು ಇಲ್ಲೇ. ನಿದ್ದೆ ಅಂತ ಯಾಕೆ ಅಂದುಕೊಂಡಿರಿ? ಕರೆದು ನೋಡಿದಿರಾ? ಎಬಿಜಿ ರಿಪೋರ್ಟ್, ಅಂದರೆ ರಕ್ತದಲ್ಲಿನ ಅನಿಲಗಳ ಪರೀಕ್ಷೆಯ ವರದಿ, ತೆರೆದಿರಾ? ತೆರೆದರೆ ಕಾರ್ಬನ್ ಡೈಆಕ್ಸೈಡ್ ಏರಿ ಕೂತಿರುತ್ತೆ. ಇಂಥ ರೋಗಿಗಳಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿ ಆದರೆ ಹೀಗೆ ಆಗುತ್ತೆ, ಆ ಮಂಪರು ನಿದ್ದೆಯಲ್ಲ. ಅದಕ್ಕೇ ಇವರಿಗೆ ಸ್ಯಾಚುರೇಷನ್ ಗುರಿ 88ರಿಂದ 92. ವೆಂಚುರಿ ಮಾಸ್ಕ್ (ಆಕ್ಸಿಜನ್ ಅಳೆದು ಕೊಡುವ ಮಾಸ್ಕ್) ಅಥವಾ ಮೂಗಿನ ಕ್ಯಾನುಲಾದಲ್ಲಿ (ಮೂಗಿಗೆ ಹಾಕುವ ಸಣ್ಣ ಕೊಳವೆ) ಕಡಿಮೆ ಲೀಟರ್ ಇಟ್ಟು, ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ, ಬಿಡದೆ ನೋಡುತ್ತಿರಬೇಕು. ಇದು ಪುಸ್ತಕದ ಮಾತಷ್ಟೇ ಅಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಲ್ಲೇ ಪರೀಕ್ಷೆ ಮಾಡಿ ನೋಡಿದ್ದರು, 2010ರಲ್ಲಿ ಅದರ ಫಲಿತಾಂಶ ಪ್ರಕಟವಾಯ್ತು. ಆಕ್ಸಿಜನ್ ಅಳೆದು ಕೊಟ್ಟ ಗುಂಪಿನಲ್ಲಿ ಸಾವು ಅರ್ಧಕ್ಕಿಂತ ಜಾಸ್ತಿ ಕಡಿಮೆ ಆಗಿತ್ತು. 88–92 ಅನ್ನುವ ಸಂಖ್ಯೆ ಮಕ್ಕಳಿಗೆ ಮೊದಲೇ ಬಾಯಿಪಾಠ. ಪರೀಕ್ಷೆಯಲ್ಲಿ ಬರೆದೂ ಇರುತ್ತಾರೆ. 84 ಕಣ್ಣಿಗೆ ಬಿದ್ದಾಗ ಮಾತ್ರ ನೆನಪಾಗುವುದಿಲ್ಲ.

ಸಿಒಪಿಡಿಯನ್ನೇ ಇಟ್ಟುಕೊಂಡು ನಾರ್ವೆಯ ಆಗ್ಡರ್ ವಿಶ್ವವಿದ್ಯಾಲಯದವರು ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ವಿಡಿಯೊ ಆಧಾರಿತ ಗೇಮ್ ಮಾಡಿದ್ದರು. ಒಂದು ಭಾಗ ರೋಗಿಯ ಮನೆಯಲ್ಲಿ, ಇನ್ನೊಂದು ಆಸ್ಪತ್ರೆಯಲ್ಲಿ. ನನಗೆ ಇಷ್ಟವಾದದ್ದು ಅದರ ಮನೆ ಭಾಗ. ಮನೆಯಲ್ಲಿ ಮಾನಿಟರ್ ಇರಲ್ಲ, ಪಕ್ಕದಲ್ಲಿ ಡಾಕ್ಟರ್ ಇರಲ್ಲ. ಕಣ್ಣಿಟ್ಟು ನೋಡಲೇಬೇಕು. ನೀವು ಗೇಮ್ ಆರಿಸುವಾಗಲೂ ಇದನ್ನೇ ಪರೀಕ್ಷಿಸಿ. ವೈಟಲ್ಸ್ (ನಾಡಿ, ಬಿಪಿ, ಉಸಿರಾಟದಂಥ ಸಂಖ್ಯೆಗಳು) ಎಲ್ಲಾ ಪರದೆ ಮೇಲೆ ತಾನಾಗಿ ಕಾಣುತ್ತಿದ್ದರೆ ಆ ಗೇಮ್ ಅರ್ಧ ಕೆಲಸ ತಾನೇ ಮಾಡಿಕೊಟ್ಟಂತೆ. ಎದೆ ಏರಿಳಿಯುವುದನ್ನು ಎಣಿಸಿಯೇ ಉಸಿರಾಟದ ಸಂಖ್ಯೆ ಸಿಗುವಂತಿದ್ದರೆ ಒಳ್ಳೆಯದು.

ಪಾಯಿಂಟ್ಸ್ ವಿಷಯದಲ್ಲಿ ಹುಷಾರು. ಸ್ಕೋರ್ ಬೋರ್ಡ್ ಇಟ್ಟ ದಿನವೇ ಮಕ್ಕಳು ಇರುವ ಬಟನ್ ಎಲ್ಲಾ ಒತ್ತುತ್ತಾ ಹೋಗುತ್ತಾರೆ. ಯಾವುದು ಹಸಿರು ಆಗುತ್ತೋ ಅದೇ ಉತ್ತರ. ಸಂಜೆಯೊಳಗೆ ಸರಿಯಾದ ಕ್ರಮ ವಾಟ್ಸ್‌ಆಪ್ ಗ್ರೂಪ್‌ನಲ್ಲಿ ಇರುತ್ತೆ! ನಾನು ಮಾಡಿಸುವುದು ಇಷ್ಟೇ: ಇಬ್ಬರಿಗೆ ಒಂದು ಕಂಪ್ಯೂಟರ್. ಒತ್ತುವ ಮೊದಲು ಕಾರಣವನ್ನು ಪಕ್ಕದವರಿಗೆ ಬಾಯಿಬಿಟ್ಟು ಹೇಳಬೇಕು. ಜಗಳ ಆಗುತ್ತೆ, ಆಗಲಿ. ಆಟ ಮುಗಿದ ಮೇಲೆ, ಆಡಿದಷ್ಟೇ ಹೊತ್ತು ಕೂತು ಮಾತಾಡಬೇಕು. ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಇನ್ನೊಂದು ಗೇಮ್ ಬಿಟ್ಟುಬಿಡಿ, ಮಾತು ಬಿಡಬೇಡಿ.

ಏನು ಬರಲ್ಲ ಅಂತಲೂ ಹೇಳಬೇಕು. ವಿದೇಶದ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಒಬ್ಬ ನರ್ಸ್‌ಗೆ ಒಬ್ಬ ರೋಗಿ. ಲೇರ್ಡಾಲ್ ಮತ್ತು ವೋಲ್ಟರ್ಸ್ ಕ್ಲುವರ್ ಕಂಪನಿಗಳು ಸೇರಿ ತಂದಿರುವ ವಿಸಿಮ್ ಅನ್ನುವ ಸಾಫ್ಟ್‌ವೇರ್ ಕೂಡ ಹಾಗೇ. ನಮ್ಮ ವಾರ್ಡಿನಲ್ಲಿ ಒಬ್ಬ ಸ್ಟಾಫ್ ಸಿಸ್ಟರ್ ಹಿಂದೆ ಎಷ್ಟು ಬೆಡ್ ಇರುತ್ತವೆ, ಎಷ್ಟು ಅಟೆಂಡರ್‌ಗಳು "ಸಿಸ್ಟರ್, ಡ್ರಿಪ್ ಮುಗೀತು" ಅಂತ ಕೂಗುತ್ತಾರೆ! ಯಾರ ಹತ್ತಿರ ಮೊದಲು ಓಡಬೇಕು ಅನ್ನುವುದೇ ಇಲ್ಲಿ ದೊಡ್ಡ ರೀಸನಿಂಗ್. ತಣ್ಣಗಿನ ಬೆವರು ಕೈಗೆ ತಾಗುವುದನ್ನು ಯಾವ ಪರದೆಯೂ ಕಲಿಸಲ್ಲ. ಇನ್ನೊಂದು, ಈ ಬಗ್ಗೆ ಬಂದಿರುವ ಅಧ್ಯಯನಗಳಲ್ಲಿ ಬಹಳಷ್ಟು, ಆಟ ಮುಗಿದ ತಕ್ಷಣ ಪ್ರಶ್ನೆಪತ್ರಿಕೆ ಕೊಟ್ಟು ಅಳೆದಂಥವು. ಹಾಗಾಗಿ ಮಾರುವವರು ತೋರಿಸುವ ಗ್ರಾಫ್ ನೋಡಿ ಮರುಳಾಗಬೇಡಿ.

ಅಮೆರಿಕಕ್ಕೆ ಹೋಗುವ ಆಸೆ ಇರುವ ಮಕ್ಕಳಿಗೆ ಇದರಿಂದ ಇನ್ನೊಂದು ಲಾಭ. ಅಲ್ಲಿ ನರ್ಸ್ ಲೈಸೆನ್ಸ್‌ಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ 2023ರ ಏಪ್ರಿಲ್‌ನಿಂದ ಬದಲಾಗಿದೆ. ಒಂದು ಕೇಸ್ ಕೊಟ್ಟು, ಯಾವ ಲಕ್ಷಣ ಮುಖ್ಯ, ಏನಿರಬಹುದು, ಮೊದಲು ಏನು ಮಾಡ್ತೀರಿ, ಮಾಡಿದ್ದು ಫಲ ಕೊಟ್ಟಿತಾ ಅಂತ ಹಂತ ಹಂತವಾಗಿ ಕೇಳುತ್ತಾರೆ. ನಮ್ಮ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕೂಡ ಬಿಎಸ್ಸಿಯ 2021ರ ಹೊಸ ಸಿಲಬಸ್‌ನಲ್ಲಿ ಸಿಮ್ಯುಲೇಷನ್‌ಗೆ, ಅಂದರೆ ನಿಜವಾದ ರೋಗಿಯಿಲ್ಲದೆ ಅಣಕು ಸನ್ನಿವೇಶದಲ್ಲಿ ಕಲಿಸುವುದಕ್ಕೆ, ಜಾಗ ಕೊಟ್ಟಿದೆ. ಆಡಳಿತ ಮಂಡಳಿ ಗಂಟೆಗಳ ಲೆಕ್ಕ ಕೇಳಿದರೆ ಆ ಸಿಲಬಸ್ ತೋರಿಸಿ.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಟ್ವೈನ್ ಅಂತ ಒಂದು ಸಾಫ್ಟ್‌ವೇರ್ ಇದೆ, ಉಚಿತ. ಕವಲೊಡೆಯುವ ಕಥೆ ಬರೆಯುವುದಕ್ಕೆ ಮಾಡಿದ್ದು, ಕೋಡಿಂಗ್ ಬರಬೇಕಿಲ್ಲ, ಕನ್ನಡದಲ್ಲೂ ಟೈಪ್ ಮಾಡಬಹುದು. ಅದೂ ಕಷ್ಟ ಅನಿಸಿದರೆ ಗೂಗಲ್ ಫಾರ್ಮ್ಸ್ ಸಾಕು, ಉತ್ತರ ನೋಡಿ ಬೇರೆ ಬೇರೆ ಸೆಕ್ಷನ್‌ಗೆ ಕಳಿಸುವ ಸೌಲಭ್ಯ ಅದರಲ್ಲಿದೆ. ನಿಮ್ಮದೇ ವಾರ್ಡಿನ ಕೇಸ್ ಹಾಕಿ, ಹೆಸರು ಗುರುತು ತೆಗೆದು. ಸೌದೆ ಒಲೆ ಮುಂದೆ ಆಯಸ್ಸು ಕಳೆದ ಅಜ್ಜಿಗೆ ಸಿಒಪಿಡಿ ಬಂದದ್ದು ವಿದೇಶದ ಗೇಮ್‌ನಲ್ಲಿ ಎಲ್ಲಿ ಸಿಗಬೇಕು? "ಬೀಡಿ ಸೇದ್ತೀರಾ?" ಅಂತಷ್ಟೇ ಕೇಳಿ ಇಲ್ಲ ಅಂದ ಕೂಡಲೇ ಮುಂದೆ ಹೋಗುವ ವಿದ್ಯಾರ್ಥಿ ಅಲ್ಲಿ ಸಿಕ್ಕಿಬೀಳಬೇಕು, ಹಾಗೆ ಬರೆಯಿರಿ. ಮೂರನೇ ವರ್ಷದವರಿಗೆ ಕೊಟ್ಟು ನೋಡಿ. ಯಾವ ಕವಲಿನಲ್ಲಿ ಕ್ಲಾಸ್‌ಗೆ ಕ್ಲಾಸೇ ಎಡವುತ್ತೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಕಂಪನಿಯವರು ಡೆಮೊಗೆ ಬಂದಾಗ ಆ ಪಟ್ಟಿ ಮುಂದಿಟ್ಟು, ಇದನ್ನೆಲ್ಲ ನಿಮ್ಮ ಗೇಮ್ ಹೇಗೆ ಕಲಿಸುತ್ತೆ ಅಂತ ಕೇಳಿ.