ಆರು ತಿಂಗಳಿಂದ ಒಂದೇ ಕಟಾ, ಇದೇನಾ ಶಿಸ್ತು?

ಪ್ರಶ್ನೆ: ನನಗೆ 34 ವರ್ಷ. ಕರಾಟೆ ಕ್ಲಾಸಿಗೆ ಸೇರಿ ಆರು ತಿಂಗಳಾಯಿತು. ಮಾಸ್ಟರ್ ಒಂದೇ ಕಟಾವನ್ನು (ಎದುರಾಳಿ ಇಲ್ಲದೆ ಒಬ್ಬರೇ ಮಾಡುವ, ಕ್ರಮ ಗೊತ್ತುಮಾಡಿದ ಹೊಡೆತ-ತಡೆಗಳ ಸರಣಿ) ಮತ್ತೆ ಮತ್ತೆ ಮಾಡಿಸುತ್ತಾರೆ, ಫೈಟ್ ಅಂತೂ ಇಲ್ಲವೇ ಇಲ್ಲ. ಕೇಳಿದರೆ ‘ಮೊದಲು ಶಿಸ್ತು ಕಲಿ’ ಅಂತಾರೆ. ಬಗ್ಗಿ ನಮಸ್ಕಾರ ಮಾಡೋದು, ಸಾಲಾಗಿ ನಿಂತು ಕೂಗೋದು, ಇದೇನಾ ಸರ್ ಶಿಸ್ತು?

ಉತ್ತರ: ಆರು ತಿಂಗಳು ಜಾಸ್ತಿ ಏನಲ್ಲ ಬಿಡಿ. ಕರಾಟೆಯನ್ನು ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದಿಂದ ಟೋಕಿಯೊಗೆ ತಂದ ಗಿಚಿನ್ ಫುನಾಕೋಶಿ, ಟೆಕ್ಕಿ ಅನ್ನುವ ಮೂರು ಕಟಾಗಳಿಗೇ ಹತ್ತು ವರ್ಷ ಕೊಟ್ಟವರು. ಹಗಲು ಶಾಲೆಯಲ್ಲಿ ಮೇಷ್ಟ್ರ ಕೆಲಸ, ರಾತ್ರಿ ಗುರುಗಳಾದ ಅಜಾಟೊ ಅವರ ಮನೆಯ ಹಿತ್ತಲಲ್ಲಿ ಅಭ್ಯಾಸ.

ಮೊದಲನೇ ಟೆಕ್ಕಿ ನೋಡೋಕೆ ಸುಲಭ. ಕುದುರೆ ಮೇಲೆ ಕೂತ ಹಾಗೆ ಕಾಲಗಲಿಸಿ, ಮಂಡಿ ಬಗ್ಗಿಸಿ ನಿಂತು ಬರೀ ಅಕ್ಕಪಕ್ಕಕ್ಕೆ ಸರಿಯುವುದು. ಆದರೆ ಒಂದು ಕಾಲನ್ನು ಇನ್ನೊಂದರ ಮುಂದೆ ದಾಟಿಸುವಾಗ ಸೊಂಟ ಮೇಲೆದ್ದುಬಿಡುತ್ತದೆ, ಯಾಕೆಂದರೆ ಅಷ್ಟು ಹೊತ್ತಿಗೆ ತೊಡೆ ಉರಿಯುತ್ತಿರುತ್ತದೆ, ಮೈ ತಾನಾಗಿಯೇ ಸುಖ ಹುಡುಕುತ್ತದೆ. ಮಾಸ್ಟರ್ ಬೇರೆ ಕಡೆ ನೋಡುತ್ತಿದ್ದಾಗಲೂ ಸೊಂಟವನ್ನು ಅದೇ ಎತ್ತರದಲ್ಲಿ ಇಟ್ಟುಕೊಳ್ತೀರಲ್ಲ, ಶಿಸ್ತು ಅಂದರೆ ಅದು. ಒಂದೇ ಕಟಾ ಮಾಡ್ತಾ ಹೋದರೆ ನೀವು ಎಲ್ಲೆಲ್ಲಿ ಕಳ್ಳಾಟ ಆಡ್ತೀರಿ ಅಂತ ನಿಮಗೇ ಗೊತ್ತಾಗುತ್ತದೆ. ದಿನಕ್ಕೊಂದು ಹೊಸದು ಕಲಿತರೆ ಗೊತ್ತಾಗೋದೇ ಇಲ್ಲ.

ಸಾಲಾಗಿ ನಿಂತು ಎಣಿಸುತ್ತಾ ಕೂಗುವುದರ ಮೇಲೆ ನನಗೆ ಅಂಥ ಭಕ್ತಿಯೇನಿಲ್ಲ. 1900ರ ನಂತರ ಆಂಕೊ ಇಟೊಸು ಅನ್ನುವ ಗುರು ಕರಾಟೆಯನ್ನು ಓಕಿನಾವಾದ ಶಾಲೆಗಳಿಗೆ ತಂದ ಮೇಲೆ ಗುಂಪಿನಲ್ಲಿ ಕಲಿಸುವ ಪದ್ಧತಿ ಬೆಳೆಯಿತು. ಅದಕ್ಕೂ ಮುಂಚೆ ಗುರು ಸುಮ್ನೆ ಒಬ್ಬಿಬ್ಬರಿಗೆ ಕಲಿಸುತ್ತಿದ್ದರು. ಬ್ಲ್ಯಾಕ್ ಬೆಲ್ಟ್ ಕೂಡ ಜೂಡೊದಿಂದ ಬಂದದ್ದು, ಫುನಾಕೋಶಿ ಅದನ್ನು ಮೊದಲು ಕೊಟ್ಟದ್ದು 1924ರಲ್ಲಿ.

ಬಿದಿರಿನ ಕತ್ತಿ ಹಿಡಿದು ಆಡುವ ಜಪಾನಿನ ಕೆಂಡೊದಲ್ಲಿ ಇನ್ನೊಂದು ತಮಾಷೆ ಇದೆ. ಪಾಯಿಂಟ್ ಬಂತು ಅಂತ ಕೈ ಎತ್ತಿ ಕುಣಿದರೆ ರೆಫರಿಗಳು ಆ ಪಾಯಿಂಟನ್ನೇ ರದ್ದು ಮಾಡಬಹುದು. ಏಟು ಬಿದ್ದ ಮೇಲೂ ಗಮನ ಎದುರಾಳಿಯ ಮೇಲೇ ಇರಬೇಕು, ನಮ್ಮ ಖುಷಿಯ ಮೇಲಲ್ಲ. ನಮ್ಮ ಕ್ರಿಕೆಟಿಗರಿಗೆ ಈ ನಿಯಮ ಹಾಕಿದರೆ ಹೇಗಿರುತ್ತೆ, ಅಲ್ವಾ?

ಆದರೆ ಆರು ತಿಂಗಳಲ್ಲಿ ಒಮ್ಮೆಯೂ ಜೋಡಿ ಅಭ್ಯಾಸ ಇಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಫೈಟ್ ಬೇಡ, ‘ಗೋಹೊನ್ ಕುಮಿಟೆ ಮಾಡಿಸ್ತೀರಾ ಸರ್’ ಅಂತ ಕೇಳಿ. ಎಲ್ಲಿಗೆ ಹೊಡೀತೀನಿ ಅಂತ ಮೊದಲೇ ಹೇಳಿ ಎದುರಿನವರು ಐದು ಹೆಜ್ಜೆ ಮುಂದೆ ಬರ್ತಾರೆ, ನೀವು ತಡೆಯುತ್ತಾ ಹಿಂದೆ ಸರಿದು ಕೊನೆಯಲ್ಲಿ ಒಂದೇ ಏಟು ಕೊಡಬೇಕು. ಹೊಸಬರಿಗೂ ಇದನ್ನು ಮಾಡಿಸಬಹುದು. ಕೇಳಿದ್ದಕ್ಕೇ ಬೈದರೆ ಬೇರೆ ಕ್ಲಾಸ್ ನೋಡಿಕೊಳ್ಳಿ.