ಮರ ಚಿಗುರಿತು, ಸೀರಿಯಲ್ ನಿಂತಿತು: ಉಪಗ್ರಹ ಇಂಟರ್ನೆಟ್‌ನಲ್ಲಿ ಟಿವಿ ನೋಡುವವರ ಪ್ರಶ್ನೆಗಳು

ಪ್ರಶ್ನೆ: ನಾವು ಅಮೆರಿಕದ ವರ್ಮಾಂಟ್‌ನಲ್ಲಿದ್ದೇವೆ. ಪೇಟೆಯಿಂದ ದೂರ, ಗುಡ್ಡದ ಮೇಲಿನ ಮನೆ. ಇಲ್ಲಿಗೆ ಕೇಬಲ್ ಬರಲ್ಲ. ಜನವರಿಯಲ್ಲಿ ಉಪಗ್ರಹ ಇಂಟರ್ನೆಟ್ ಹಾಕಿಸಿದೆವು, ಚಪ್ಪಟೆ ಡಿಶ್ ಇರುವಂಥದ್ದು. ನಾಲ್ಕು ತಿಂಗಳು ಏನೂ ತೊಂದರೆ ಇರಲಿಲ್ಲ. ಮೇ ಕೊನೆಗೆ ಅಪ್ಪ ಅಮ್ಮ ಸಾಗರದಿಂದ ಬಂದರು. ಊರಿನ ಸಂಜೆ ಏಳರ ಸೀರಿಯಲ್ಲನ್ನು ಇಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಲೈವ್ ಹಾಕಿ ಕೊಡುತ್ತೇನೆ. ಎರಡು ಮೂರು ನಿಮಿಷಕ್ಕೊಮ್ಮೆ ಚಿತ್ರ ನಿಂತು ಚಕ್ರ ಸುತ್ತುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ 150 ಎಂಬಿಪಿಎಸ್ ತೋರಿಸುತ್ತದೆ! ದುಬಾರಿ ಪ್ಲ್ಯಾನ್‌ಗೆ ಹೋಗಬೇಕಾ?

ಉತ್ತರ: ಬೇಡ. ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ.

ಟಿವಿಗೆ ಬೇಕಾದ ವೇಗ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಸಾಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ನಿಮ್ಮ ಹತ್ತಿರ 150 ಇದೆ. 300 ಆದರೂ ಅಪ್ಪನ ಸೀರಿಯಲ್ ಹೀಗೇ ನಿಲ್ಲುತ್ತದೆ. ಟಿವಿಗೆ ಬೇಕಿರುವುದು ದಪ್ಪ ಧಾರೆ ಅಲ್ಲ, ಕಡಿಯದ ಧಾರೆ. ಗುಡ್ಡದ ಅಬ್ಬಿ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಮನೆಗೆ ತರುತ್ತಿದ್ದದ್ದು ನಿಮ್ಮ ಅಪ್ಪನಿಗೆ ಗೊತ್ತಿರುತ್ತದೆ, ಕೇಳಿ ನೋಡಿ. ಬೆರಳು ದಪ್ಪದ ಧಾರೆ, ಆದರೆ ಹಗಲೂ ರಾತ್ರಿ ಬೀಳುತ್ತಿದ್ದರೆ ತೊಟ್ಟಿ ತುಂಬಿಯೇ ಇರುತ್ತದೆ. ನಡುವೆ ಒಂದು ದಂಬೆ ಜಾರಿದರೆ ಮಾತ್ರ ಕಷ್ಟ.

ನಿಮ್ಮ ದಂಬೆ ಎಲ್ಲಿ ಜಾರಿದೆ ಅನ್ನುವುದು ನೀವು ಬರೆದದ್ದರಲ್ಲೇ ಇದೆ. ಡಿಶ್ ಇಟ್ಟದ್ದು ಜನವರಿ, ತೊಂದರೆ ಶುರುವಾದದ್ದು ಮೇ. ವರ್ಮಾಂಟ್ ಅಂದರೆ ಮೇಪಲ್ ಮರಗಳ ನಾಡು. ಜನವರಿಯಲ್ಲಿ ಅವು ಬರೀ ಕಡ್ಡಿ. ಅವತ್ತು ಡಿಶ್‌ಗೆ ಆಕಾಶ ಚೆನ್ನಾಗಿ ಕಂಡಿದೆ. ಮೇ ತಿಂಗಳಲ್ಲಿ ಮರ ಚಿಗುರಿ ಎಲೆ ತುಂಬಿಕೊಂಡಿತು. ಪಾಪ, ಅಪ್ಪ ಅಮ್ಮ ಬಂದದ್ದೂ ಅದೇ ಹೊತ್ತಿಗೆ.

ಎಲೆ ಅಡ್ಡ ಬಂದರೆ ಸ್ಪೀಡ್ ಟೆಸ್ಟ್‌ನಲ್ಲಿ ಯಾಕೆ ಗೊತ್ತಾಗಲ್ಲ? ನಿಮ್ಮ ಡಿಶ್ ಮಾತಾಡುವ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಒಂದು ಉಪಗ್ರಹ ಕೆಲವೇ ನಿಮಿಷ ಕಾಣಿಸಿ ಮರೆಯಾಗುತ್ತದೆ, ಡಿಶ್ ಇನ್ನೊಂದನ್ನು ಹಿಡಿಯುತ್ತದೆ, ಹೀಗೇ ದಿನವಿಡೀ ಕೈಯಿಂದ ಕೈಗೆ ಸಾಗುತ್ತದೆ. ಹಾಗಾಗಿ ಅದಕ್ಕೆ ಒಂದು ದಿಕ್ಕು ತೆರೆದಿದ್ದರೆ ಸಾಲದು, ಆಕಾಶದ ದೊಡ್ಡ ಭಾಗವೇ ಬೇಕು. ಉಪಗ್ರಹ ಮರದ ಹಿಂದೆ ಹೋದಾಗ ಎರಡು ಸೆಕೆಂಡೋ ಐದು ಸೆಕೆಂಡೋ ಸಂಪರ್ಕ ಪೂರ್ತಿ ಹೋಗುತ್ತದೆ, ಮತ್ತೆ ಬರುತ್ತದೆ. ಅರ್ಧ ನಿಮಿಷದ ಸ್ಪೀಡ್ ಟೆಸ್ಟ್ ಮಾಡುವಾಗ ಆ ಗಳಿಗೆ ಸಿಗದೇ ಇದ್ದರೆ 150 ಅಂತಲೇ ತೋರಿಸುತ್ತದೆ.

ಸಿನಿಮಾ ನೋಡುವಾಗ ಇದು ಅಷ್ಟಾಗಿ ಕಾಡಲ್ಲ. ಆಪ್ ಮುಂದಿನ ಒಂದಷ್ಟು ಭಾಗವನ್ನು ಮೊದಲೇ ತಂದು ಇಟ್ಟುಕೊಂಡಿರುತ್ತದೆ, ಅದೇ ನಮ್ಮ ತೊಟ್ಟಿ. ಲೈವ್‌ನಲ್ಲಿ ಮುಂದಿನ ದೃಶ್ಯ ಇನ್ನೂ ಬಂದೇ ಇರುವುದಿಲ್ಲ, ತುಂಬಿಟ್ಟುಕೊಳ್ಳುವುದು ಏನನ್ನ? ಅದಕ್ಕೇ ಲೈವ್‌ನಲ್ಲಿ ಚಕ್ರ ಸುತ್ತುವುದು.

ಹಾಗಾಗಿ ಇವತ್ತಿಗೆ ಒಂದು ಉಪಾಯ. ಲೈವ್ ಬಿಡಿ. ಮಧ್ಯಾಹ್ನ ಊಟ ಆದ ಮೇಲೆ ಅದೇ ಕಂತನ್ನು ಆಪ್‌ನಲ್ಲಿ ಹಾಕಿ ಕೊಡಿ. ಖಾಯಂ ಪರಿಹಾರ ಬೇಕು ಅಂದರೆ ಡಿಶ್ ಎತ್ತರಕ್ಕೆ ಹೋಗಬೇಕು. ಡಿಶ್‌ನ ಆಪ್ ತೆರೆದು, ಅಡಚಣೆ ನೋಡುವ ಜಾಗಕ್ಕೆ ಹೋಗಿ, ಫೋನಿನ ಕ್ಯಾಮೆರಾವನ್ನು ಆಕಾಶದ ಕಡೆ ನಿಧಾನವಾಗಿ ತಿರುಗಿಸಿ. ಯಾವ ಕಡೆ ಅಡ್ಡ ಇದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಈ ಕೆಲಸವನ್ನು ಎಲೆ ತುಂಬಿರುವ ಈಗಲೇ ಮಾಡಿ. ಅಕ್ಟೋಬರ್ ಕಳೆದು ಎಲೆ ಉದುರಿದ ಮೇಲೆ ಮಾಡಿದರೆ ಮತ್ತೆ ಮುಂದಿನ ಮೇ ತಿಂಗಳಲ್ಲಿ ಇದೇ ಗೋಳು. ನಿಮ್ಮ ಕಡೆ ಡಿಶ್ ಸಾಮಾನ್ಯವಾಗಿ ಉತ್ತರಕ್ಕೆ ವಾಲಿರುತ್ತದೆ, ಆ ದಿಕ್ಕನ್ನು ಮೊದಲು ನೋಡಿ. ಮಾಡಿನ ತುದಿಗೋ ಒಂದು ಗಟ್ಟಿ ಕಂಬಕ್ಕೋ ಏರಿಸಿದರೆ ಎಷ್ಟೋ ಮನೆಗಳಲ್ಲಿ ಅಷ್ಟರಲ್ಲೇ ಸರಿಹೋಗುತ್ತದೆ. ಮರ ಕಡಿಯುವ ಯೋಚನೆ ಕೊನೆಗಿರಲಿ.

ಪ್ರಶ್ನೆ: ಟೆಕ್ಸಸ್‌ನ ಹಳ್ಳಿಯಲ್ಲಿ ಬಾಡಿಗೆ ಮನೆ. ಹಳೇ ತರಹದ ಉಪಗ್ರಹ ಇಂಟರ್ನೆಟ್, ತಿಂಗಳಿಗೆ 100 ಜಿಬಿ. ಹನ್ನೆರಡನೇ ದಿನಕ್ಕೇ ಖಾಲಿ, ಆಮೇಲೆ ಆಮೆ ವೇಗ. ದಿನಕ್ಕೆ ಮೂರು ಗಂಟೆ ಟಿವಿ ನೋಡುತ್ತೇವೆ ಅಷ್ಟೇ. ಅಮ್ಮನ ಜೊತೆ ವಿಡಿಯೊ ಕಾಲ್ ಮಾಡಿದರೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲಿಸುತ್ತೇವೆ.

ಉತ್ತರ: ಲೆಕ್ಕ ಹಾಕೋಣ. ಎಚ್‌ಡಿ ಚಿತ್ರ ಗಂಟೆಗೆ 3 ಜಿಬಿ ತನಕ ತಿನ್ನುತ್ತದೆ. ಮೂರು ಗಂಟೆಗೆ 9. ಹನ್ನೊಂದು ದಿನಕ್ಕೆ 99. ನಿಮ್ಮ ಹನ್ನೆರಡನೇ ದಿನದ ಲೆಕ್ಕ ಸರಿಯಾಗೇ ಇದೆ. ಸಾಧಾರಣ ಗುಣಮಟ್ಟಕ್ಕೆ ಇಳಿಸಿದರೆ ಗಂಟೆಗೆ 1 ಜಿಬಿ, ಅಂದರೆ ತಿಂಗಳಿಗೆ 90. ಆಪ್‌ನ ಸೆಟ್ಟಿಂಗ್‌ನಲ್ಲಿ ಒಂದು ಸಲ ಬದಲಾಯಿಸಿ. ಸೋಫಾದಲ್ಲಿ ಕೂತು ನೋಡುವಾಗ ಮೊದಲೆರಡು ದಿನ ಚಿತ್ರ ಸ್ವಲ್ಪ ಮಂಜು ಅನಿಸಬಹುದು, ಆಮೇಲೆ ರೂಢಿಯಾಗುತ್ತದೆ.

ಇನ್ನೊಂದು ಮುಖ್ಯ ವಿಷಯ, ತುಂಬಾ ಜನ ಗಮನಿಸಲ್ಲ. ರಿಮೋಟ್‌ನಲ್ಲಿ ಟಿವಿ ಆರಿಸಿದರೆ ಪರದೆ ಕಪ್ಪಾಗುತ್ತದೆ, ಆದರೆ ಇಂಟರ್ನೆಟ್‌ನಿಂದ ಚಿತ್ರ ತರಲು ಹಿಂದೆ ಸಿಕ್ಕಿಸಿರುವ ಸ್ಟಿಕ್ ಕೆಲವು ಸಲ ಸುಮ್ನೆ ಓಡುತ್ತಲೇ ಇರುತ್ತದೆ. ಒಂದು ಕಂತು ಮುಗಿದು ಇನ್ನೊಂದು ಶುರುವಾಗುತ್ತದೆ, ನೋಡುವವರು ಯಾರೂ ಇಲ್ಲ. ಮೊದಲು ಆಪ್‌ನಿಂದ ಹೊರಗೆ ಬನ್ನಿ, ಆಮೇಲೆ ಟಿವಿ ಆರಿಸಿ. ಮುಂದಿನ ಕಂತು ತಾನಾಗೇ ಶುರುವಾಗುವುದನ್ನೂ ನಿಲ್ಲಿಸಿಬಿಡಿ.

ವಿಡಿಯೊ ಕಾಲ್ ತೊಂದರೆಗೆ ಕಾರಣ ದೂರ. ನಿಮ್ಮ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಹೋಗಿ ಉತ್ತರ ಬರುವುದಕ್ಕೆ ಅಲ್ಲಿಗೆ ಎರಡು ಸಲ ಹೋಗಿ ಬರಬೇಕು, ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಟಿವಿ ನೋಡುವವರಿಗೆ ಈ ತಡ ಗೊತ್ತೇ ಆಗಲ್ಲ, ಮಾತಿಗೆ ಮಾತ್ರ ಅಡ್ಡ ಬರುತ್ತದೆ. ಅಮ್ಮ ಮಾತು ಮುಗಿಸಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು ಎಣಿಸಿ ಮಾತಾಡಿ. ಅಮ್ಮನಿಗೂ ಹೇಳಿಕೊಡಿ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ಒಂಟಿ ಮನೆ. ಫೋನ್ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಮಾಡಿನ ಮೇಲೆ ಡಿಟಿಎಚ್ ಬುಟ್ಟಿ ಇದೆ. ಅದರಲ್ಲೇ ಇಂಟರ್ನೆಟ್ ಬರಲ್ವಾ? ಹೊಸ ಉಪಗ್ರಹ ಇಂಟರ್ನೆಟ್‌ಗೆ ಅಡ್ವಾನ್ಸ್ ಕಟ್ಟಿ ಅಂತ ಒಬ್ಬರು ಬಂದಿದ್ದರು. ಕಟ್ಟಿ, ಡಿಟಿಎಚ್ ತೆಗೆಸಿಬಿಡಲಾ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ.

ಡಿಟಿಎಚ್ ಬುಟ್ಟಿಗೆ ಕಿವಿ ಇದೆ, ಬಾಯಿ ಇಲ್ಲ. ಮೇಲಿಂದ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ, ತಿರುಗಿ ಏನನ್ನೂ ಕಳಿಸಲಾರದು. ಇಂಟರ್ನೆಟ್‌ಗೆ ಎರಡೂ ಬೇಕು. ಆದರೆ ಈ ಬಾಯಿ ಇಲ್ಲದಿರುವುದೇ ಡಿಟಿಎಚ್‌ನ ದೊಡ್ಡ ಅನುಕೂಲ. 2022ರ ಜೂನ್‌ನಲ್ಲಿ ಹಾರಿಸಿದ ಜಿಸ್ಯಾಟ್-24 ಉಪಗ್ರಹವನ್ನು ಡಿಟಿಎಚ್ ಕಂಪನಿ ಟಾಟಾ ಪ್ಲೇಗಾಗಿಯೇ ಮಾಡಿದ್ದು. ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಇಂಥ ಉಪಗ್ರಹ ಚಾನೆಲ್ಲನ್ನು ಒಂದೇ ಸಲ ಇಡೀ ದೇಶಕ್ಕೆ ಸುರಿಯುತ್ತದೆ. ಕ್ರಿಕೆಟ್ ಫೈನಲ್ಲನ್ನು ಹತ್ತು ಜನ ನೋಡಲಿ, ಕೋಟಿ ಜನ ನೋಡಲಿ, ಅದಕ್ಕೆ ಒಂದೇ. ಜಿಬಿ ಲೆಕ್ಕ ಇಲ್ಲ. ಇಂಟರ್ನೆಟ್‌ನಲ್ಲಿ ಹಾಗಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ಬಡಿಸಬೇಕು.

ಮಳೆ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಹುಲಿಕಲ್ ಕಡೆಯ ಆಷಾಢದ ಮಳೆ ಬಡಿಯುವಾಗ ಡಿಟಿಎಚ್ ಹೋಗುತ್ತದಲ್ವಾ, ಉಪಗ್ರಹ ಇಂಟರ್ನೆಟ್ಟೂ ಅಂಥ ಹೊತ್ತಿನಲ್ಲಿ ಒದ್ದಾಡುತ್ತದೆ. ಜೊತೆಗೆ ಕರೆಂಟ್. ಸೆಟ್‌ಟಾಪ್ ಬಾಕ್ಸ್ ತಿನ್ನುವುದು ತೀರಾ ಕಡಿಮೆ. ಉಪಗ್ರಹ ಇಂಟರ್ನೆಟ್ ಕಂಪನಿ ಸ್ಟಾರ್‌ಲಿಂಕ್‌ನ ಮಾಮೂಲಿ ಕಿಟ್‌ಗೆ 75ರಿಂದ 100 ವ್ಯಾಟ್ ಬೇಕು. ಟಿವಿಯೂ ಸೇರಿ 150 ಅಂತ ಇಟ್ಟುಕೊಂಡರೆ, ಹೊಸ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಏಳೆಂಟು ಗಂಟೆ ಬಂದರೆ ಹೆಚ್ಚು. ಅದೂ ಲೈಟು, ಫ್ಯಾನು ಬಿಟ್ಟು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ ಮನೆಗೆ ಇದು ಸಣ್ಣ ಮಾತಲ್ಲ.

ಅಡ್ವಾನ್ಸ್ ಬಗ್ಗೆ: ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಇದೇ ಸೇವೆ ಕೊಡಲು ಹೊರಟಿರುವ ಒನ್‌ವೆಬ್ ಮತ್ತು ಜಿಯೊ ಅದಕ್ಕೂ ಮೊದಲೇ ಪಡೆದಿದ್ದವು. ಲೈಸೆನ್ಸ್ ಆದ ಮೇಲೆ ತರಂಗಾಂತರ, ನೆಲದ ಮೇಲಿನ ಸ್ಟೇಷನ್, ಭದ್ರತೆಯ ಪರೀಕ್ಷೆ ಅಂತ ಇನ್ನೂ ಮೆಟ್ಟಿಲುಗಳಿವೆ. ಮನೆ ಬಾಗಿಲಿಗೆ ಬಂದು ನಗದು ಕೇಳುವವರಿಗೆ ಕೊಡಬೇಡಿ. ತೆಗೆದುಕೊಳ್ಳುವುದೇ ಆದರೆ ಕಂಪನಿಯ ಸ್ವಂತ ಆಪ್‌ನಲ್ಲಿ ನಿಮ್ಮ ಜಾಗಕ್ಕೆ ಸೇವೆ ಇದೆಯಾ ನೋಡಿ, ಅಲ್ಲೇ ಹಣ ಕಟ್ಟಿ. ವಿದೇಶದಿಂದ ಯಾರೋ ತಂದ ಕಿಟ್ ಅಂತೂ ಬೇಡವೇ ಬೇಡ, ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಮುಂದೆ ಹಾಕಿಸುವಾಗ ಒಂದು ಮಾತು ನೆನಪಿರಲಿ. ನಿಮ್ಮ ಅಡಿಕೆ ಮರ, ಹಲಸಿನ ಮರ ವರ್ಮಾಂಟ್‌ನ ಮೇಪಲ್ ಹಾಗೆ ವರ್ಷಕ್ಕೊಮ್ಮೆ ಬೋಳಾಗಲ್ಲ. ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಎಷ್ಟು ಆಕಾಶ ಕಾಣುತ್ತದೋ ವರ್ಷವಿಡೀ ಅಷ್ಟೇ. ಅಡಿಕೆ ಒಣಗಿಸುವ ಅಂಗಳವೋ ಗದ್ದೆಯ ಅಂಚೋ, ತೆರೆದ ಜಾಗ ಯಾವುದಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ. ಅಲ್ಲಿಂದ ಮನೆಗೆ ಎಷ್ಟು ಉದ್ದ ವೈರ್ ಬೇಕು ಅಂತ ಅಳತೆಯನ್ನೂ ಮಾಡಿಟ್ಟುಕೊಳ್ಳಿ.