ಜಪಮಾಲೆ ಹಿಡಿದಾಗ ಚುಚ್ಚುವುದೇನು?

ಪ್ರಶ್ನೆ: ಹೋದ ವರ್ಷದ ಧ್ಯಾನಕೂಟದಲ್ಲಿ ಕಣ್ಣು ತುಂಬಿ ಬರುವಷ್ಟು ಸಂತೋಷವಿತ್ತು. ಐದು ತಿಂಗಳಿಂದ ಜಪಮಾಲೆ ಬರೀ ಬಾಯಿಪಾಠವಾಗಿದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುತ್ತ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನು ಕ್ಷಮಿಸು ಎನ್ನುವ ಸಾಲಿಗೆ ಬಂದರೆ ನಾಲಿಗೆ ತಡವರಿಸುತ್ತದೆ. ತೋಟದ ಪಾಲಿನ ಜಗಳದಲ್ಲಿ ಅಣ್ಣನ ಹತ್ತಿರ ಮಾತು ಬಿಟ್ಟು ಮೂರು ವರ್ಷವಾಯಿತು. ದೇವರು ದೂರ ಹೋದರೇ? ಜಪಮಾಲೆ ಸ್ವಲ್ಪ ದಿನ ನಿಲ್ಲಿಸಲೇ?
– ಓದುಗರು, ಹೊನ್ನಾವರ

ಉತ್ತರ: ನಿಲ್ಲಿಸಬೇಡಿ. ನೀವು ಹೇಳಿಕೊಂಡಿರುವುದು ಎರಡು ಸಂಕಟ, ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಶುಷ್ಕತೆ, ಅಂದರೆ ಪ್ರಾರ್ಥನೆಯಲ್ಲಿ ರುಚಿಯೇ ಇಲ್ಲದಾಗುವುದು. ಲೊಯೋಲದ ಸಂತ ಇಗ್ನೇಷಿಯಸ್ 1548ರಲ್ಲಿ ಅಚ್ಚಾದ ತಮ್ಮ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಇದಕ್ಕೆ ನಿಯಮವನ್ನೇ ಬರೆದಿಟ್ಟಿದ್ದಾರೆ: ಮನಸ್ಸು ಒಣಗಿದಾಗ ಹಿಂದಿನ ನಿರ್ಧಾರ ಬದಲಿಸಬಾರದು, ಒಂದು ಗಂಟೆ ಪ್ರಾರ್ಥಿಸುವವರು ಗಂಟೆ ದಾಟಿ ತುಸು ಹೆಚ್ಚೇ ಕೂರಬೇಕು. ಜಪಮಾಲೆಗೆ ನಿಮಗೆ 20 ನಿಮಿಷ ಹಿಡಿಯುವುದಾದರೆ, ಮುಗಿದ ಮೇಲೆ ಇನ್ನೆರಡು ನಿಮಿಷ ಸುಮ್ಮನೆ ಕುಳಿತಿರಿ. ಅಷ್ಟು ಸಾಕು. ಹೋದ ಸಂತೋಷ ಮರಳಿ ಬರಲೆಂದು ನೊವೆನಾ (ಒಂಬತ್ತು ದಿನದ ಪ್ರಾರ್ಥನೆ), ಉಪವಾಸ ಎಲ್ಲವನ್ನೂ ಒಟ್ಟಿಗೆ ತಲೆಯ ಮೇಲೆ ಹೊತ್ತುಕೊಂಡವರು ಬೇಗ ದಣಿದು ಎಲ್ಲವನ್ನೂ ಕೈಬಿಡುತ್ತಾರೆ. ಅದೇ ಮಾತು ಹೇಳುತ್ತಿದ್ದೇನೆಂಬ ಅಳುಕೂ ಬೇಡ; ಸೆರೆಯಾಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಯೇಸು ಮತ್ತೆ ಹೋಗಿ ಅದೇ ಮಾತುಗಳಲ್ಲೇ ಪ್ರಾರ್ಥಿಸಿದರು (ಮಾರ್ಕ 14:39). ಬೈಬಲಿನ 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಕೂಗುವುದು ದೇವರನ್ನೇ. ಏನೂ ತೋಚದ ದಿನ ಅದನ್ನು ಗಟ್ಟಿಯಾಗಿ ಓದಿ. ನಿದ್ದೆ, ಊಟ ಎರಡು ವಾರ ಮೀರಿ ಕೆಟ್ಟಿದ್ದರೆ ಮಾತ್ರ ವೈದ್ಯರನ್ನೂ ಕಾಣಿ. ಅದು ವಿಶ್ವಾಸದ ಕೊರತೆಯಲ್ಲ.

ಎರಡನೆಯದು ಚುಚ್ಚುವ ಸಂಕಟ. ಇದನ್ನು ತಾಳಿಕೊಂಡು ಕೂರುವಂತಿಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗಲು ಮತ್ತಾಯ 5:23–24 ಹೇಳುತ್ತದೆ. ಐದು ರಹಸ್ಯಗಳ (ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆ ಧ್ಯಾನಿಸುವ ಭಾಗಗಳ) ಒಂದು ಜಪಮಾಲೆಯಲ್ಲಿ, ಆರಂಭದ್ದೂ ಸೇರಿ, ಕ್ಷಮೆಯ ಆ ಸಾಲು ಆರು ಸಲ ಬರುತ್ತದೆ. ಆರು ಸಲವೂ ನಾಲಿಗೆ ತಡೆಯುತ್ತಿದ್ದರೆ, ದೇವರು ನಿಮ್ಮನ್ನು ಆರು ಸಲ ಅಣ್ಣನ ಮನೆಯ ದಾರಿಗೆ ತಂದು ನಿಲ್ಲಿಸುತ್ತಿದ್ದಾರೆ ಎಂದೇ ನಮ್ಮ ನಂಬಿಕೆ.

ಚರ್ಚಿನ ಹಬ್ಬದ ದಿನ ಎಲ್ಲರೆದುರು ಮಾತಾಡಿಸಬೇಡಿ. ಅವರಿಗೆ ಮುಜುಗರವಾದರೆ ಬಾಗಿಲು ಇನ್ನೂ ಬಿಗಿಯಾಗುತ್ತದೆ. ಸಂಜೆ ಹೊತ್ತು ಒಬ್ಬರೇ ಹೋಗಿ, ಹತ್ತು ನಿಮಿಷ ಸಾಕು. ನಿಮ್ಮಿಂದಾದ ಒಂದು ತಪ್ಪನ್ನು ಮಾತ್ರ ಹೇಳಿ, ‘ಆದರೆ ನೀನೂ...’ ಎಂದು ಮುಂದುವರಿಸಬೇಡಿ. ಪಹಣಿ, ಸರ್ವೆ, ತೆಂಗಿನ ಮರಗಳ ಲೆಕ್ಕ ಬೇರೆ ದಿನಕ್ಕಿರಲಿ. ಕ್ಷಮಿಸುವುದೆಂದರೆ ಪಾಲು ಬಿಟ್ಟುಕೊಡುವುದೆಂದಲ್ಲ, ಅದನ್ನು ಹಿರಿಯರನ್ನು ಕೂರಿಸಿಕೊಂಡು ಬಗೆಹರಿಸಬಹುದು. ಅಣ್ಣ ಮಾತಾಡದೇ ಹೋದರೆ ತಿಂಗಳು ಬಿಟ್ಟು ಮತ್ತೊಮ್ಮೆ ಹೋಗಿ. ಅಲ್ಲಿಯವರೆಗೆ ದಿನವೂ ಒಂದು ರಹಸ್ಯವನ್ನು ಅವರ ಹೆಸರಿನಲ್ಲಿ ಒಪ್ಪಿಸಿ.